ಹಸಿರು ಕರೆಂಟ್‌ಗೆ ಮೊದಲ ಗಿರಾಕಿ ಯಾರು?

ಯಲಹಂಕ, ಹೆಬ್ಬಾಳದ ಕಡೆ ಟೆರೇಸ್‌ಗಳ ಮೇಲೆ ಸೋಲಾರ್ ಪ್ಯಾನೆಲ್ ನೋಡಿದವರು, ಗ್ರೀನ್ ಪವರ್ ಅಂದ್ರೆ ಈಗಿನ ಕಾಲದ್ದು ಅಂದ್ಕೊಳ್ತಾರೆ. ಆದರೆ ಬೆಂಗಳೂರಿಗೆ ಬಂದ ಮೊದಲ ಕರೆಂಟೇ ಹಸಿರು.

1902ರ ಜೂನ್‌ನಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ ಸುಮಾರು 147 ಕಿ.ಮೀ. ತಂತಿ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ತಲುಪಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ನಂದು ಬಿ.ಕಾಂ. ಹಾಗಾಗಿ ಟರ್ಬೈನ್‌ಗಿಂತ ಅದರ ಹಿಂದಿನ ಒಪ್ಪಂದದ ಮೇಲೇ ನನ್ನ ಕಣ್ಣು. ಕರೆಂಟ್ ಕೊಳ್ಳುತ್ತೇವೆ ಅಂತ ಗಣಿ ಕಂಪನಿಗಳು ಮೊದಲೇ ಸಹಿ ಹಾಕಿದ್ದವು. ಗಿರಾಕಿ ಗ್ಯಾರಂಟಿ ಆದ ಮೇಲೆ ಮೈಸೂರು ಸರ್ಕಾರ ಧೈರ್ಯವಾಗಿ ದುಡ್ಡು ಹಾಕಿತು. ಇವತ್ತು ಸೋಲಾರ್ ಕಂಪನಿಗಳು ಮಾಡಿಕೊಳ್ಳುವ ವಿದ್ಯುತ್ ಖರೀದಿ ಒಪ್ಪಂದದ ಲೆಕ್ಕವೂ ಇದೇ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು.

ಆಮೇಲೆ ಊರು ಬೆಳೀತು, ಬೇಡಿಕೆ ಏರಿತು. ಮಳೆ ಕೈಕೊಟ್ಟರೆ ಜಲವಿದ್ಯುತ್ತೂ ಕೈಕೊಡ್ತಿತ್ತು. 1990ರ ದಶಕದಲ್ಲಿ ಯಲಹಂಕದಲ್ಲಿ ಡೀಸೆಲ್ ವಿದ್ಯುತ್ ಸ್ಥಾವರ ಬಂತು; ಈಗ ಅಲ್ಲೇ 370 ಮೆಗಾವ್ಯಾಟ್‌ನ ಗ್ಯಾಸ್ ಸ್ಥಾವರ ಇದೆ. ಅತ್ತ ಪಾವಗಡದ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿತು.

ಆದರೆ ಕ್ಯೂ ಮಾತ್ರ ಹಳೇದೇ: ದೊಡ್ಡ ಗಿರಾಕಿ ಮುಂದೆ. 2022ರ ಕೇಂದ್ರದ ನಿಯಮದ ಪ್ರಕಾರ 100 ಕಿಲೋವ್ಯಾಟ್ ಅಥವಾ ಹೆಚ್ಚು ಲೋಡ್ ಇರುವವರು ಹಸಿರು ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳಬಹುದು. ಸ್ವಂತ ಮನೆ ಇದ್ದವರಿಗೆ ಬೆಸ್ಕಾಂ ನೆಟ್ ಮೀಟರಿಂಗ್ ಇದೆ. ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಆರ್‌ಟಿ ನಗರದ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇರೋರಿಗೆ? ಟೆರೇಸ್ ಓನರ್‌ದು.

ಗಣಿಯವರ ಬಲ ಇದ್ದದ್ದು ಒಟ್ಟಿಗೆ, ಮೊದಲೇ ಸಹಿ ಹಾಕಿದ್ದರಲ್ಲಿ. ಆ ದಾರಿ ಅಪಾರ್ಟ್‌ಮೆಂಟ್‌ಗೂ ಇದೆ. ಲಿಫ್ಟ್, ನೀರಿನ ಪಂಪು, ಕಾರಿಡಾರ್ ಲೈಟಿನಂಥ ಕಾಮನ್ ಬಳಕೆಗೆ ಸೋಲಾರ್ ಹಾಕಿಸುವ ನಿವಾಸಿಗಳ ಸಂಘಕ್ಕೆ ಅದೇ ಯೋಜನೆಯಲ್ಲಿ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಸಿಗುತ್ತೆ. ಮೇಂಟೆನೆನ್ಸ್ ಕಟ್ಟೋರು ಬಾಡಿಗೆದಾರರೇ ಆಗಿದ್ರೂ, ಮುಂದಿನ ಮೀಟಿಂಗ್‌ನಲ್ಲಿ ಈ ಮಾತು ಎತ್ತಿ. ಕ್ಯೂನಲ್ಲಿ ಮುಂದೆ ಹೋಗೋಕೆ ಚಿನ್ನದ ಗಣಿಯೇ ಬೇಕಿಲ್ಲ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.