ದೀಪಧಾರಿಣಿಯ ಚಿತ್ರ

ರೋಗಿಯ ಬಳಿಯಿದ್ದು ಉಪಚರಿಸುವವರನ್ನು ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ಉಪಸ್ಥಾತೃಗಳೆಂದು ಕರೆದಿರುವುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯ, ಔಷಧ, ಉಪಸ್ಥಾತೃ, ರೋಗಿ ಎಂಬ ನಾಲ್ಕನ್ನೂ ಚಿಕಿತ್ಸೆಯ ಪಾದಗಳೆಂದೆಣಿಸಿ, ಉಪಸ್ಥಾತೃವಿಗೆ ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿದ್ದಾರೆ. ಇವುಗಳಲ್ಲಿ ಮೊದಲನೆಯದು ಜ್ಞಾನವೆಂಬುದನ್ನು ವಾಚಕರು ಗಮನಿಸಬೇಕು. ಜನಪ್ರಿಯವಾದ ಕಥೆಗಳೂ ಚಿತ್ರಗಳೂ ಶುಶ್ರೂಷಕಿಯನ್ನು ಕುರಿತು ಮರೆತುದು ಈ ಮೊದಲನೆಯ ಗುಣವನ್ನೇ.

ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು 1843-44ರಲ್ಲಿ ಪ್ರಕಟಿಸಿದ ‘ಮಾರ್ಟಿನ್ ಚಝಲ್‌ವಿಟ್’ ಎಂಬ ಕೃತಿಯಲ್ಲಿ ಸೇರಿ ಗ್ಯಾಂಪ್ ಎಂಬ ದಾದಿಯನ್ನು ಚಿತ್ರಿಸಿದನು. ಇವಳು ಮದ್ಯಪ್ರಿಯೆ, ಸ್ವಾರ್ಥಪರೆ. ಇವಳ ಖ್ಯಾತಿ ಎಷ್ಟೆಂದರೆ, ಇವಳು ಹಿಡಿಯುತ್ತಿದ್ದ ಕೊಡೆಗೇ ಇಂಗ್ಲಿಷರು ‘ಗ್ಯಾಂಪ್’ ಎಂದು ಹೆಸರಿಟ್ಟರು.

ಸುಮಾರು ಹತ್ತು ವರ್ಷಗಳಲ್ಲಿ ಚಿತ್ರವು ತಲೆಕೆಳಗಾಯಿತು. ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ ಫ್ಲಾರೆನ್ಸ್ ನೈಟಿಂಗೇಲಳು 38 ಮಂದಿ ಸ್ತ್ರೀಯರೊಡನೆ 1854ರ ನವೆಂಬರಿನಲ್ಲಿ ಸ್ಕುಟಾರಿಯ ಆಸ್ಪತ್ರೆಗೆ ಬಂದಳು. 1855ರ ಫೆಬ್ರವರಿಯಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಆಕೆ ರಾತ್ರಿ ದೀಪ ಹಿಡಿದು ರೋಗಿಗಳ ನಡುವೆ ಸಂಚರಿಸುವ ಚಿತ್ರವನ್ನು ಅಚ್ಚುಹಾಕಿತು. ಅಂದಿನಿಂದ ಆಕೆ ದೀಪಧಾರಿಣಿಯಾದಳು. ಆಕೆ ವಾಸ್ತವವಾಗಿ ಹಿಡಿದುದು ಮಡಿಚಿಡಬಹುದಾದ ತುರ್ಕಿ ಕಂದೀಲು. ಅನಂತರದ ಚಿತ್ರಕಾರರಲ್ಲಿ ಅನೇಕರು ಆಕೆಯ ಕೈಗೆ ಪುರಾತನ ಯವನರ ಹಣತೆಯಂತಹ ದೀಪವನ್ನು ಕೊಟ್ಟರು.

ಆದರೆ ಆ ಚಳಿಗಾಲದಲ್ಲಿ ಸ್ಕುಟಾರಿಯ ಮರಣಗಳು ದೀಪದಿಂದ ತಗ್ಗಲಿಲ್ಲ. 1855ರ ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ಶುದ್ಧಗೊಳಿಸಿ, ಗಾಳಿಯಾಡುವಂತೆ ಮಾಡಿದ ಬಳಿಕ ಅವು ಬಹುವಾಗಿ ಇಳಿದವು. ಸೈನಿಕರಲ್ಲಿ ಗಾಯಗಳಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚೆಂಬುದನ್ನು ನೈಟಿಂಗೇಲಳು 1858ರಲ್ಲಿ ಅಂಕಿಅಂಶಗಳ ವರ್ಣರೇಖಾಚಿತ್ರಗಳಿಂದ ಸಿದ್ಧಪಡಿಸಿ ತೋರಿಸಿದಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಿಕ್ಷಣಶಾಲೆಯು ಆರಂಭವಾಯಿತು. ಲೋಕವು ದೀಪವನ್ನು ಉಳಿಸಿಕೊಂಡು, ಲೆಕ್ಕದ ಹಾಳೆಗಳನ್ನು ವಿದ್ವಾಂಸರಿಗೆ ಬಿಟ್ಟಿತು.

ಈ ದೀಪವು ನಮ್ಮ ದೇಶದ ಚಲಚ್ಚಿತ್ರಕ್ಕೂ ಬಂದಿತು. ಆಶುತೋಷ ಮುಖೋಪಾಧ್ಯಾಯರ ಕಥೆಯನ್ನಾಧರಿಸಿ ಅಸಿತ್ ಸೇನರು 1959ರಲ್ಲಿ ‘ದೀಪ್ ಜ್ವೇಲೆ ಜಾಯ್’ ಎಂಬ ಬಂಗಾಳಿ ಚಿತ್ರವನ್ನೂ, 1969ರಲ್ಲಿ ಅದನ್ನೇ ಹಿಂದಿಯಲ್ಲಿ ‘ಖಾಮೋಷಿ’ ಎಂದೂ ನಿರ್ದೇಶಿಸಿದರು. ಬಂಗಾಳಿ ಹೆಸರಿನಲ್ಲಿಯೇ ದೀಪವಿದೆ. ಅಲ್ಲಿ ಮನೋರೋಗಿಯನ್ನು ಗುಣಪಡಿಸಲು ಪ್ರೇಮವನ್ನು ನಟಿಸುವ ಶುಶ್ರೂಷಕಿ, ಕಡೆಗೆ ತಾನೇ ಬುದ್ಧಿಭ್ರಮೆಗೊಳಗಾಗುತ್ತಾಳೆ. ಪ್ರಯೋಗವು ವೈದ್ಯನದು, ಹೃದಯವು ಮಾತ್ರ ಇವಳದು. ಕಥೆಯು ಕರುಣಾರಸಪೂರ್ಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಚರಕನ ನಾಲ್ಕು ಗುಣಗಳಲ್ಲಿ ಇಲ್ಲಿ ಬೆಳಗಿದುದು ಅನುರಾಗವೊಂದೇ.

ಇದರಿಂದ ಹಾನಿಯೇನೆಂದು ಕೇಳಬಹುದು. ದೇವಿಯೆಂದು ಕೈಮುಗಿದವರ ವೇತನವನ್ನಾಗಲಿ ವಿಶ್ರಾಂತಿಯನ್ನಾಗಲಿ ಯಾರೂ ವಿಚಾರಿಸುವುದಿಲ್ಲ. ದೇವಿಗೆ ನಿದ್ರೆಯುಂಟೆ? ಹಸಿವುಂಟೆ? ಒಬ್ಬಳೇ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಲ್ಲಳೆಂಬ ಪ್ರಶ್ನೆಯೂ ಹುಟ್ಟುವುದಿಲ್ಲ. ನಮ್ಮ ಶುಶ್ರೂಷಾ ಶಾಲೆಗಳಲ್ಲಿ ಹೊಸ ವಿದ್ಯಾರ್ಥಿನಿಯರು ದೀಪ ಬೆಳಗಿ ಪ್ರತಿಜ್ಞೆ ಸ್ವೀಕರಿಸುವ ಪದ್ಧತಿಯು ರೂಢಿಯಲ್ಲಿದೆ. ಆ ದೀಪವು ಉರಿಯಲಿ. ಅದರೊಡನೆ ನೈಟಿಂಗೇಲಳ ಲೆಕ್ಕದ ಹಾಳೆಯನ್ನೂ ಅವರ ಕೈಗಿತ್ತು, ಅವರನ್ನು ಮೊದಲು ಜ್ಞಾನವುಳ್ಳವರೆಂದು ಕಾಣುವುದೇ ಶಾಸ್ತ್ರಕ್ಕೂ ಚರಿತ್ರೆಗೂ ಸಮ್ಮತವಾದ ಗೌರವವು.