ಗಿರಾಕಿಗಳ ಪಟ್ಟಿಗೆ ಯಾವ ತಂತ್ರಾಂಶ? ಗಡಿಭಾಗದ ಅಂಗಡಿಕಾರರಿಗೆ ಮಾಹಿತಿ

ತಾಂಡೂರಿನ ಹಾಸುಗಲ್ಲು, ತೊಗರಿ ವ್ಯಾಪಾರಿಯಾಗಲಿ, ಜಹೀರಾಬಾದಿನ ಶುಂಠಿ ದಲ್ಲಾಳಿಯಾಗಲಿ, ನಾರಾಯಣಖೇಡದ ಬೀಜ-ಗೊಬ್ಬರದ ಅಂಗಡಿಯವರಾಗಲಿ, ಗಿರಾಕಿಗಳು ಎರಡೂ ರಾಜ್ಯದವರು. 1956ರವರೆಗೆ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿ, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿ ಇದ್ದವು. ಗಡಿ ಬದಲಾಯಿತು, ಚಿಂಚೋಳಿ, ಸೇಡಂ, ಬೀದರ್ ಕಡೆಯ ವ್ಯವಹಾರ ನಿಲ್ಲಲಿಲ್ಲ. ಹೀಗಾಗಿ ಇಲ್ಲಿನವರ ಮೊಬೈಲ್‌ನಲ್ಲಿ ಹೆಸರುಗಳು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಸೇರಿಕೊಂಡಿರುತ್ತವೆ. ತಂತ್ರಾಂಶ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಸಂಪರ್ಕ ನಿರ್ವಹಣೆ ತಂತ್ರಾಂಶ ಎಂದರೆ ಹೆಸರು, ನಂಬರಿನ ಜತೆಗೆ ಊರು, ಕೊಂಡ ಮಾಲು, ಕೊನೆಗೆ ಆದ ಮಾತು, ಮತ್ತೆ ಫೋನ್ ಮಾಡಬೇಕಾದ ದಿನ ಇವನ್ನೆಲ್ಲ ಒಂದೆಡೆ ಇಡುವ ವ್ಯವಸ್ಥೆ. ಉದ್ರಿ ಲೆಕ್ಕಕ್ಕೆ ಖಾತಾಬುಕ್, ಬಿಲ್ಲಿಗೆ ಟ್ಯಾಲಿ ಇವೆ; ಅವು ಬೇರೆ ಕೆಲಸದವು.

ಒಬ್ಬ ಬಸವರಾಜ ಎಂದಿಟ್ಟುಕೊಳ್ಳಿ. ನೀವು ಕನ್ನಡದಲ್ಲಿ ಬರೆದಿದ್ದೀರಿ, ತೆಲುಗು ಶಾಲೆಯಲ್ಲಿ ಓದಿದ ಮಗ ತೆಲುಗಿನಲ್ಲಿ, ಮುನೀಮ ಇಂಗ್ಲಿಷಿನಲ್ಲಿ. ಕನ್ನಡ, ತೆಲುಗು ಅಕ್ಷರ ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತಗಳಿವೆ. ಗಣಕಯಂತ್ರಕ್ಕೆ ಅವರು ಮೂವರು ಬಸವರಾಜರು. ಮೇಲಾಗಿ ಆತನಲ್ಲಿ ಎರಡು ಸಿಮ್. ಹಣ ಕೊಡುತ್ತೇನೆಂದ ದಿನಾಂಕ ಒಂದು ಹೆಸರಿನಡಿ, ಹೊಸ ಆರ್ಡರ್ ಇನ್ನೊಂದರಡಿ. ಬಾಕಿ ಕೇಳದೆ ಲಾರಿ ಹೊರಟುಬಿಡುತ್ತದೆ! ಹಳೆಯ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಈ ಗೊಂದಲ ಇಷ್ಟು ಇರಲಿಲ್ಲ, ಬರೆಯುವ ಕೈ ಒಂದೇ ಇರುತ್ತಿತ್ತು.

ಆದ್ದರಿಂದ ಹೆಸರಿನ ಲಿಪಿ ಯಾವುದೆಂದು ಮನೆಯಲ್ಲೇ ತೀರ್ಮಾನಿಸಿ; ಮಿಕ್ಕ ಲಿಪಿಯ ರೂಪವನ್ನು ಟಿಪ್ಪಣಿಯ ಜಾಗದಲ್ಲಿ ಹಾಕಿ. ನಂಬರನ್ನು ಯಾವಾಗಲೂ +91 ಸೇರಿಸಿ ಬರೆಯಿರಿ. ಒಬ್ಬರಿಗೆ ಎರಡು ನಂಬರ್ ಇದ್ದರೆ ಎರಡೂ ಒಂದೇ ದಾಖಲೆಯಲ್ಲಿರಲಿ.

ಅಂಗಡಿಯಲ್ಲಿ ನೀವೊಬ್ಬರೇ ಇದ್ದರೆ ಗೂಗಲ್ ಕಾಂಟ್ಯಾಕ್ಟ್ಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಉಚಿತ, 25,000 ಹೆಸರು ಹಿಡಿಸುತ್ತದೆ, ಊರುವಾರು ಲೇಬಲ್ ಹಾಕಬಹುದು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲೂ ಲೇಬಲ್ ಇದೆ. ಆದರೆ ಅದರ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಮೂರ್ನಾಲ್ಕು ಜನ ಫೋನ್ ಎತ್ತುವ ಅಂಗಡಿಯಾದರೆ ಜೋಹೊ ಕಂಪನಿ 2020ರಲ್ಲಿ ತಂದ ಬಿಗಿನ್‌ನಂಥದ್ದು ಬೇಕಾದೀತು. ಶುಲ್ಕ ಬದಲಾಗುತ್ತಿರುತ್ತದೆ, ಅವರ ತಾಣದಲ್ಲೇ ನೋಡಿಕೊಳ್ಳಿ.

ಯಾವುದೇ ಇರಲಿ, ಖಾತೆ ಅಂಗಡಿಯ ಹೆಸರಿನ ಮಿಂಚಂಚೆಯಲ್ಲಿರಲಿ. ಕೆಲಸದ ಹುಡುಗನ ಮಿಂಚಂಚೆಯಲ್ಲಿ ತೆರೆದರೆ ಆತ ಬಿಟ್ಟುಹೋದ ದಿನ ಪಟ್ಟಿಯೂ ಹೋಯಿತು.

ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಪಟ್ಟಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ದುಡ್ಡು ಕಟ್ಟುವ ಮುನ್ನ ಹತ್ತು ಗಿರಾಕಿಗಳ ಹೆಸರು ಹಾಕಿ, ಸಿಎಸ್‌ವಿ ಕಡತವಾಗಿ ಹೊರತೆಗೆದು ನೋಡಿ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಅಕ್ಷರ ಕೆಟ್ಟು, ಫೋನ್ ನಂಬರ್ 9.19ಇ+11 ಎಂದು ಕಾಣಿಸುವುದುಂಟು. ಗಾಬರಿಯಾಗಿ ಆ ಕಡತವನ್ನು ಉಳಿಸಬೇಡಿ, ಉಳಿಸಿದರೆ ನಂಬರ್ ನಿಜಕ್ಕೂ ಹಾಳಾಗಬಹುದು. ಡೇಟಾ ಇಂಪೋರ್ಟ್‌ನಲ್ಲಿ ಯುಟಿಎಫ್-8 ಆರಿಸಿ, ನಂಬರಿನ ಸಾಲನ್ನು ಟೆಕ್ಸ್ಟ್ ಎಂದು ಗುರುತಿಸಿ ತೆರೆಯಿರಿ. ಆಗಲೂ ಹತ್ತೂ ಹೆಸರು ಸರಿಯಾಗಿ ಬರದಿದ್ದರೆ ಆ ತಂತ್ರಾಂಶ ಬೇಡ.