ಕೆಲಸ ಬದಲಿಸಿದರೆ ಗಳಿಸಿದ ಹೆಸರು ಕಳೆದುಹೋಗುತ್ತದೆಯೇ? 'ಪರ್ಸನಲ್ ಬ್ರ್ಯಾಂಡ್' ಬಗ್ಗೆ 5 ತಪ್ಪು ಕಲ್ಪನೆಗಳು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಹತ್ತು ವರ್ಷ ದುಡಿದವರಿಗೆ 'ಮುಂದಿನ ತಿಂಗಳಿಂದ ಗುತ್ತಿಗೆ ಇಲ್ಲ' ಎಂದಾಗ, ತಿ. ನರಸೀಪುರದಲ್ಲಿ ಗದ್ದೆ ನೋಡಿಕೊಂಡಿದ್ದವರು ಮೈಸೂರಿಗೆ ಕೆಲಸ ಹುಡುಕಿ ಹೊರಟಾಗ ಮೊದಲು ಕಾಡುವ ಪ್ರಶ್ನೆ ಒಂದೇ: 'ಅಲ್ಲಿ ನನ್ನನ್ನು ಯಾರು ಗುರುತಿಸುತ್ತಾರೆ?' ಇದಕ್ಕೆ ಮೊಬೈಲ್‌ನಲ್ಲಿ ಸಿಗುವ ಸಿದ್ಧ ಉತ್ತರವೂ ಒಂದೇ: 'ಪರ್ಸನಲ್ ಬ್ರ್ಯಾಂಡ್ ಕಟ್ಟಿಕೊಳ್ಳಿ.' ಈ ಸಲಹೆಯಲ್ಲಿ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು? ಈ ಎರಡು ತಾಲ್ಲೂಕುಗಳಲ್ಲೇ ಸಿಗುವ ಉದಾಹರಣೆಗಳ ಮೂಲಕ ನೋಡೋಣ.

ಪರ್ಸನಲ್ ಬ್ರ್ಯಾಂಡ್ ಎಂದರೇನು?

ಅಮೆರಿಕದ ಲೇಖಕ ಟಾಮ್ ಪೀಟರ್ಸ್ 1997ರಲ್ಲಿ 'ಫಾಸ್ಟ್ ಕಂಪನಿ' ಪತ್ರಿಕೆಗೆ ಬರೆದ ಲೇಖನದಿಂದ ಈ ಕಲ್ಪನೆ ಜನಪ್ರಿಯವಾಯಿತು. ಸರಳವಾಗಿ ಹೇಳುವುದಾದರೆ, 'ಈ ಕೆಲಸಕ್ಕೆ ಇವರೇ ಸರಿ' ಎಂದು ಇತರರು ನಿಮ್ಮ ಬಗ್ಗೆ ಇಟ್ಟುಕೊಂಡಿರುವ ನಂಬಿಕೆಯೇ ಪರ್ಸನಲ್ ಬ್ರ್ಯಾಂಡ್. ನಮ್ಮಲ್ಲಿ ಇದಕ್ಕೆ ಹಳೆಯ ಮಾತಿದೆ: 'ಹೆಸರು ಮಾಡುವುದು'.

ತಪ್ಪು ಕಲ್ಪನೆ 1: ಬ್ರ್ಯಾಂಡ್ ಎಂದರೆ ಪ್ರಚಾರ

ವಾಸ್ತವ: ಬೇರೆಯವರ ಒಂದು ತೊಂದರೆಯನ್ನು ನೀಗಿಸಿದಾಗ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ.

ಪಿಟೀಲು ವಿದ್ವಾಂಸ ಟಿ. ಚೌಡಯ್ಯ ಅವರ ಹೆಸರಿನಲ್ಲಿರುವ 'ಟಿ' ಅಂದರೆ ತಿರುಮಕೂಡಲು. ಕಪಿಲೆ ನಂಜನಗೂಡನ್ನು ದಾಟಿ ಬಂದು ಕಾವೇರಿಯನ್ನು ಸೇರುವ, ತಿ. ನರಸೀಪುರದ ಪಕ್ಕದ ಊರು ಅದು. 1895ರಲ್ಲಿ ಹುಟ್ಟಿದ ಅವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಸರಿಯಾಗಿ ತಲುಪುತ್ತಿರಲಿಲ್ಲ. ಚೌಡಯ್ಯ ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಗಳ ವಾದ್ಯ ರೂಪಿಸಿದರು. ಅದೇ ಅವರ ಗುರುತಾಯಿತು. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವ ಅವರಿಗೆ 1957ರಲ್ಲಿ ಸಂದಿತು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಚೌಡಯ್ಯ ಸ್ಮಾರಕ ಭವನದ ಆಕಾರವೂ ಪಿಟೀಲಿನದೇ.

ಅವರು ಹುಡುಕಿದ್ದು ಹೆಸರನ್ನಲ್ಲ, ಹಿಂದಿನ ಸಾಲಿಗೂ ನಾದ ಕೇಳಿಸುವ ದಾರಿಯನ್ನು. 'ನನ್ನ ಬಗ್ಗೆ ಏನು ಹೇಳಿಕೊಳ್ಳಲಿ?' ಎನ್ನುವುದಕ್ಕಿಂತ 'ನಾನು ಸೇರಬೇಕೆಂದಿರುವ ಕಡೆ ಯಾವ ತೊಂದರೆ ಬಗೆಹರಿಯದೆ ಉಳಿದಿದೆ?' ಎಂದು ಕೇಳಿಕೊಂಡರೆ ಹೆಚ್ಚು ಪ್ರಯೋಜನ.

ತಪ್ಪು ಕಲ್ಪನೆ 2: ವೃತ್ತಿ ಬದಲಿಸಿದರೆ ಮತ್ತೆ ಸೊನ್ನೆಯಿಂದ ಶುರು

ವಾಸ್ತವ: ಹುದ್ದೆ ಬಿಟ್ಟುಹೋಗುತ್ತದೆ, ಕಲಿತ ಕೆಲಸ ಜೊತೆಗೇ ಬರುತ್ತದೆ.

ಆಯುರ್ವೇದ ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ವೈದ್ಯಕೀಯದಿಂದ ತಯಾರಿಕೆಗೆ ಕಾಲಿಟ್ಟರೂ ಹಳೆಯ ವಿದ್ಯೆ ಕೈಬಿಡಲಿಲ್ಲ. ಔಷಧಿಯ ತಿಳಿವಳಿಕೆಯೇ ಹೊಸ ಉದ್ಯಮಕ್ಕೆ ಬಂಡವಾಳವಾಯಿತು. ಅಲ್ಲಿನ ಗುಲಾಬಿ ಬಣ್ಣದ 'ನಂಜನಗೂಡು ಹಲ್ಲುಪುಡಿ' ಊರಿನ ಹೆಸರನ್ನು ಮನೆಮನೆಗೆ ಮುಟ್ಟಿಸಿತು.

ನೀವೂ ಹೀಗೆ ಲೆಕ್ಕ ಹಾಕಬಹುದು. ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿದ್ದವರು ಹಪ್ಪಳ-ಸಂಡಿಗೆ ಘಟಕ ತೆರೆಯುತ್ತಾರೆ ಎನ್ನಿ. ಶುಚಿತ್ವದ ನಿಯಮ, ಪ್ರತಿ ಬ್ಯಾಚಿನ ದಾಖಲೆ ಬರೆಯುವ ರೂಢಿ, ದೋಷ ಕಂಡರೆ ಮಾಲು ತಡೆಹಿಡಿಯುವ ಧೈರ್ಯ, ಇವೆಲ್ಲ ಈಗಾಗಲೇ ಕೈಯಲ್ಲಿವೆ. ಲೆಕ್ಕಪತ್ರ, ಮಾರಾಟ ಮಾತ್ರ ಹೊಸದಾಗಿ ಕಲಿಯಬೇಕು. ಒಂದು ಹಾಳೆಯಲ್ಲಿ ಗೆರೆ ಎಳೆದು 'ಬರುವುದು', 'ಕಲಿಯಬೇಕಾದ್ದು' ಎಂದು ಎರಡು ಪಟ್ಟಿ ಮಾಡಿ. ಎರಡನೆಯ ಪಟ್ಟಿ ಸಾಮಾನ್ಯವಾಗಿ ನಾವು ಹೆದರಿದ್ದಕ್ಕಿಂತ ಚಿಕ್ಕದಿರುತ್ತದೆ.

ತಪ್ಪು ಕಲ್ಪನೆ 3: ಒಮ್ಮೆ ಹೆಸರು ಬಂದರೆ ಸಾಕು

ವಾಸ್ತವ: ಹೆಸರಿನ ಹಿಂದೆ ಸರಕು ಇರಬೇಕು.

ನಂಜನಗೂಡು ರಸಬಾಳೆ ಇದಕ್ಕೆ ಸಾಕ್ಷಿ. ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಪನಾಮ ಸೊರಗು ರೋಗದಿಂದ ತೋಟಗಳು ಕುಗ್ಗಿದವು. ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; ಸೋಂಕಿದ ಕಂದುಗಳ ಮೂಲಕ ಒಂದು ತೋಟದಿಂದ ಇನ್ನೊಂದಕ್ಕೆ ಹರಡುತ್ತದೆ. ಕಾನೂನು ಹೆಸರನ್ನು ಕಾಪಾಡಬಲ್ಲದು, ಗಿಡವನ್ನಲ್ಲ. ಹೆಸರು ಎಲ್ಲರಿಗೂ ಗೊತ್ತು, ಹಣ್ಣು ಸಿಗುವುದು ಅಪರೂಪ.

ವ್ಯಕ್ತಿಗಳ ವಿಷಯದಲ್ಲೂ ಹೀಗೆಯೇ. ಬಯೋಡೇಟಾದಲ್ಲಿ ಬರೆದ ಕೌಶಲ ಐದು ವರ್ಷದಿಂದ ಬಳಸಿಲ್ಲದಿದ್ದರೆ ಮೊದಲ ವಾರದಲ್ಲೇ ಬಣ್ಣ ಬಯಲಾಗುತ್ತದೆ. ಚೆನ್ನಾಗಿ ಕಾಣುವ ಪ್ರೊಫೈಲ್‌ಗೆ ಖರ್ಚು ಮಾಡುವ ಮೊದಲು ಕೌಶಲವನ್ನು ಹರಿತಗೊಳಿಸಿಕೊಳ್ಳಿ.

ತಪ್ಪು ಕಲ್ಪನೆ 4: ದಿನವೂ ಕಾಣಿಸಿಕೊಳ್ಳುತ್ತಿರಬೇಕು

ವಾಸ್ತವ: ಎಷ್ಟು ಸಲ ಕಾಣಿಸಿಕೊಂಡಿರಿ ಎನ್ನುವುದಕ್ಕಿಂತ ಮಾತಿಗೂ ಕೆಲಸಕ್ಕೂ ಹೊಂದಿಕೆ ಇದೆಯೇ ಎನ್ನುವುದು ಮುಖ್ಯ.

ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಲಸ ಬಿಟ್ಟು ಕೃಷಿಗೆ ಮರಳಿದವರು. ಅವರು ಬರೆದ ಪುಟಗಳು ಕಡಿಮೆ. ಆದರೂ 'ಕುಸುಮಬಾಲೆ'ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2010ರಲ್ಲಿ ಅವರು ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದರು. ಕನ್ನಡ ಶಿಕ್ಷಣ ಮಾಧ್ಯಮವಾಗಬೇಕು ಎನ್ನುವುದು ಅವರ ಆಗ್ರಹವಾಗಿತ್ತು. 'ಬೇಡ' ಎಂದದ್ದು ಕೂಡ ಅವರ ಬಗೆಗಿನ ನಂಬಿಕೆಯನ್ನು ಗಟ್ಟಿಗೊಳಿಸಿತು. ಎಲ್ಲರೂ ಹೀಗೆ ಕೆಲಸ ಬಿಡಬೇಕು ಎಂದು ಇದರ ಅರ್ಥವಲ್ಲ. ದಿನಕ್ಕೆ ಮೂರು ಪೋಸ್ಟ್ ಹಾಕದಿದ್ದರೆ ಮರೆತುಹೋಗುತ್ತೇವೆ ಎಂಬ ಭಯಕ್ಕೆ ಆಧಾರವಿಲ್ಲ ಎನ್ನುವುದಷ್ಟೇ ಇಲ್ಲಿನ ಪಾಠ.

ತಪ್ಪು ಕಲ್ಪನೆ 5: ತೀರಾ ಹತ್ತಿರದವರೇ ಕೆಲಸ ಕೊಡಿಸುತ್ತಾರೆ

ವಾಸ್ತವ: ಅಷ್ಟಾಗಿ ಒಡನಾಟವಿಲ್ಲದ ಪರಿಚಯಸ್ಥರಿಂದಲೇ ಹೆಚ್ಚು ಹೊಸ ಸುದ್ದಿ ಬರುತ್ತದೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ವಿವರಿಸಿದರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ವಲಯದಲ್ಲಿ ಓಡಾಡುವುದರಿಂದ ಬೇರೆ ಮಾಹಿತಿ ತರುತ್ತಾರೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲಸ ಬದಲಾವಣೆಗೆ ಹೆಚ್ಚು ನೆರವಾದದ್ದು ತೀರಾ ಗಾಢವೂ ಅಲ್ಲದ, ತೀರಾ ತೆಳುವೂ ಅಲ್ಲದ ಪರಿಚಯಗಳು.

ಹಳೆಯ ಶಿಫ್ಟಿನ ಸಹೋದ್ಯೋಗಿ, ಐಟಿಐ ಸಹಪಾಠಿ, ಸರಕು ಪೂರೈಸುತ್ತಿದ್ದವರು, ಇವರಿಗೊಂದು ಫೋನ್ ಮಾಡಿ. 'ಕೆಲಸ ಇದ್ದರೆ ಹೇಳಿ' ಎನ್ನಬೇಡಿ. 'ಇಂಥ ಕೆಲಸ ಮಾಡಬಲ್ಲೆ, ಅಂಥದ್ದು ಹುಡುಕುತ್ತಿದ್ದೇನೆ' ಎಂದು ಸ್ಪಷ್ಟವಾಗಿ ಹೇಳಿ.

ಕೆಲಸ ಬಿಡುವ ಮೊದಲು ಗಮನಿಸಿ

• ಪಿಎಫ್ ಹಣ ತೆಗೆಯಬೇಡಿ. ಹೊಸ ಖಾತೆಗೆ ವರ್ಗಾಯಿಸಿ. 5 ವರ್ಷದ ನಿರಂತರ ಸೇವೆಗೆ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆ ಅನ್ವಯಿಸುತ್ತದೆ. ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ನಡುವೆ ಪಿಂಚಣಿ ಹಣ ಹಿಂಪಡೆದರೆ ಆ ಲೆಕ್ಕ ಕಡಿದುಹೋಗುತ್ತದೆ.

• ಅನುಭವ ಪತ್ರ, ಸಂಬಳದ ಚೀಟಿ, ತರಬೇತಿ ಪ್ರಮಾಣಪತ್ರಗಳನ್ನು ಹೊರಬರುವ ಮೊದಲೇ ಪಡೆಯಿರಿ. ಗುತ್ತಿಗೆ ನೌಕರರಿಗೆ ಇದು ಇನ್ನೂ ಮುಖ್ಯ. ಗುತ್ತಿಗೆದಾರ ಬದಲಾದ ಮೇಲೆ ಇವು ಸಿಗುವುದು ಕಷ್ಟ.

• ಸ್ವಂತ ಉದ್ಯಮವಾದರೆ ಮೊದಲು ರಜಾದಿನಗಳಲ್ಲಿ ಚಿಕ್ಕದಾಗಿ ಮಾಡಿ ನೋಡಿ. ಪರಿಚಯದವರಲ್ಲದ ಹತ್ತು ಜನ ದುಡ್ಡು ಕೊಟ್ಟು ಕೊಂಡು, ಅವರಲ್ಲಿ ಕೆಲವರಾದರೂ ಮರಳಿ ಬಂದರೆ ಮುಂದಿನ ಹೆಜ್ಜೆ ಇಡಿ.

• ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ.

• ಕೆಲಸ ಕೊಡಿಸಲು ಮುಂಗಡ ಹಣ ಕೇಳಿದರೆ ಅದು ಬಹುತೇಕ ವಂಚನೆ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ

ಹೆಸರು ಕಂಪನಿಯ ಗುರುತಿನ ಚೀಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಚೀಟಿ ಹಿಂದಿರುಗಿಸಿದ ದಿನ ಅದು ಹೋಗುವುದೂ ಇಲ್ಲ. 'ಇವರಿಗೆ ಒಪ್ಪಿಸಿದರೆ ಕೆಲಸ ಆಗುತ್ತದೆ' ಎಂದು ಹೇಳಬಲ್ಲ ಮೂವರ ಹೆಸರನ್ನು ಇಂದೇ ಬರೆದು ನೋಡಿ. ಬರೆಯಲಾದರೆ ನಿಮ್ಮ ಬ್ರ್ಯಾಂಡ್ ಈಗಾಗಲೇ ಇದೆ. ಆಗದಿದ್ದರೆ, ಈಗಿರುವ ಕೆಲಸದಲ್ಲೇ ಅದನ್ನು ಗಳಿಸಲು ಶುರುಮಾಡಿ. ಕೆಲಸ ಬದಲಿಸುವ ಹೊತ್ತಿಗೆ ಅದು ಜೊತೆಗೆ ಬರುತ್ತದೆ.